7,500 ರೂಪಾಯಿಗೆ ಮೂರೇ ದಿನದಲ್ಲಿ ಐಎಸ್‌ಒ ಅಂತೆ, ನಂಬಬಹುದಾ?

ಗಿಣಿಗೇರಾ ವರ್ಕ್‌ಶಾಪ್
ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹತ್ತಿರ ಗಿಣಿಗೇರಾದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ. ನನ್ನನ್ನೂ ಸೇರಿಸಿ 18 ಜನ. ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ಹಾಪರ್, ಚೂಟ್, ಕನ್ವೇಯರ್ ಬ್ರಾಕೆಟ್ ಮಾಡಿಕೊಡುತ್ತೇವೆ. ಇಷ್ಟು ವರ್ಷ ಬಾಯಿಮಾತಿನ ಮೇಲೆ ನಡೆದಿದೆ. ಈಗ ಪುಣೆಯ ಒಂದು ಕಂಪನಿ ದೊಡ್ಡ ಆರ್ಡರ್ ಕೊಡುವ ಮಾತಾಡಿದೆ. ಆದರೆ ಅವರ ವೆಂಡರ್ ಫಾರ್ಮ್‌ನಲ್ಲಿ ಐಎಸ್‌ಒ 9001, ಅಂದರೆ ಗುಣಮಟ್ಟ ಕಾಯುವ ವ್ಯವಸ್ಥೆಯ ಸರ್ಟಿಫಿಕೇಟ್ ಕಡ್ಡಾಯ ಅಂತ ಇದೆ.

ವಾಟ್ಸಾಪ್‌ನಲ್ಲಿ ಒಬ್ಬ ಏಜೆಂಟ್ ಸಿಕ್ಕ. 7,500 ರೂಪಾಯಿ ಹಾಕಿ, ಮೂರು ದಿನಕ್ಕೆ ಪಿಡಿಎಫ್ ಕಳಿಸುತ್ತೇನೆ ಅಂದ. ಜಿಎಸ್‌ಟಿ ನಂಬರ್ ಕೊಟ್ಟರೆ ಸಾಕಂತೆ, ಶಾಪ್ ನೋಡೋಕೂ ಬರೋದಿಲ್ಲವಂತೆ. ಹೊಸಪೇಟೆಯ ಇನ್ನೊಬ್ಬರು ಕನ್ಸಲ್ಟೆಂಟ್ ನಾಲ್ಕು ತಿಂಗಳು ಬೇಕು, ಎಲ್ಲ ಸೇರಿ ಖರ್ಚು ಅದರ ಹತ್ತು ಪಟ್ಟು ದಾಟುತ್ತದೆ ಅಂದರು. ಎರಡೂ ಅದೇ 9001 ಅಲ್ವಾ? ಹಾಗಾದರೆ ಇಷ್ಟು ವ್ಯತ್ಯಾಸ ಯಾಕೆ? ಮತ್ತೆ ನಿಜಕ್ಕೂ ಇದರಲ್ಲಿ ಏನು ನೋಡುತ್ತಾರೆ? ಗೊತ್ತಿದ್ದವರು ಹೇಳಿ.

ಮಿರ್ಚಿ ಮಂಡಕ್ಕಿ
ಮೂರು ದಿನ ಯಾಕೆ, ಒಳ್ಳೆ ಪ್ರಿಂಟರ್ ಇದ್ದರೆ ಮೂರು ನಿಮಿಷ ಸಾಕು.

ರಾಯಚೂರು ಬಿಸಿಲು
ತಮಾಷೆ ಬಿಡಿ, ನಾನು ಆ ಹಳ್ಳಕ್ಕೆ ಬಿದ್ದು ಎದ್ದವನು. ನಾಲ್ಕು ವರ್ಷದ ಹಿಂದೆ ಪಂಪ್‌ನ ಬಿಡಿಭಾಗ ಸಪ್ಲೈ ಮಾಡುವ ಟೆಂಡರ್ ಒಂದಿತ್ತು. ನಾನೂ ಇಂಥದ್ದೇ ಏಜೆಂಟ್ ಹತ್ತಿರ ಸರ್ಟಿಫಿಕೇಟ್ ಮಾಡಿಸಿದೆ. ಬಂಗಾರದ ಬಣ್ಣದ ಅಂಚು, ನಾಲ್ಕು ಲೋಗೋ, ಹೊಳೆಯುವ ಸ್ಟಿಕರ್, ನೋಡಿದರೆ ಮದುವೆ ಕರೆಯೋಲೆ. ಫ್ರೇಮ್ ಹಾಕಿಸಿ ಆಫೀಸಿನಲ್ಲಿ ದೇವರ ಫೋಟೋ ಪಕ್ಕಕ್ಕೇ ತೂಗು ಹಾಕಿದ್ದೆ. ಟೆಕ್ನಿಕಲ್ ಬಿಡ್ ತೆಗೆದ ದಿನವೇ ನಮ್ಮದು ಔಟ್. ಕಾರಣ ಏನು ಅಂದರೆ ಎನ್‌ಎಬಿಸಿಬಿ ಮಾನ್ಯತೆ ಇಲ್ಲ. ಅದೇನು ಅಂತ ನನಗೆ ಅವತ್ತೇ ಮೊದಲು ಕೇಳಿದ್ದು. ಠೇವಣಿ ವಾಪಸ್ ಬಂತು, ಕೆಲಸ ಹೋಯಿತು. ಏಜೆಂಟ್ ನಂಬರ್ ಸ್ವಿಚ್ ಆಫ್. ಫ್ರೇಮ್ ಚೆನ್ನಾಗಿತ್ತು, ಈಗ ಅದರಲ್ಲಿ ಮಗಳ ಫೋಟೋ ಇದೆ.

ಚೆಕ್‌ಲಿಸ್ಟ್ ಅಕ್ಕ
ನಾನು ಬಳ್ಳಾರಿಯವಳು, ಹನ್ನೊಂದು ವರ್ಷದಿಂದ ಆಡಿಟ್ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಒಂದು ಮಾತು. ಐಎಸ್‌ಒ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಜಿನೀವಾದಲ್ಲಿರುವ ಸಂಸ್ಥೆ, 1947ರಿಂದ ಇದೆ, ಮಾನದಂಡಗಳನ್ನು ಬರೆದು ಪ್ರಕಟಿಸುತ್ತದೆ, ಅಷ್ಟೇ. ಆ ಮಾನದಂಡದ ಪ್ರಕಾರ ನಿಮ್ಮ ಕೆಲಸ ನಡೆಯುತ್ತಿದೆಯೇ ಅಂತ ನೋಡಿ ಸರ್ಟಿಫಿಕೇಟ್ ಕೊಡುವುದು ಬೇರೆ ಸಂಸ್ಥೆಗಳು. ಅವನ್ನು ಸರ್ಟಿಫಿಕೇಶನ್ ಬಾಡಿ ಅನ್ನುತ್ತಾರೆ. ಈ ಬಾಡಿಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಅಂತ ನೋಡಲು ಅವುಗಳ ಮೇಲೆ ಒಂದೊಂದು ಅಕ್ರೆಡಿಟೇಶನ್ ಬೋರ್ಡ್ ಇರುತ್ತದೆ. ನಮ್ಮ ದೇಶದಲ್ಲಿ ಅದು ಎನ್‌ಎಬಿಸಿಬಿ, ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗೆ ಬರುತ್ತದೆ. ಬ್ರಿಟನ್ನಿನಲ್ಲಿ ಯುಕಾಸ್, ಜರ್ಮನಿಯಲ್ಲಿ ಡಾಕ್ಸ್. ಈ ಬೋರ್ಡ್‌ಗಳು ಐಎಎಫ್ ಎನ್ನುವ ಅಂತರರಾಷ್ಟ್ರೀಯ ಒಕ್ಕೂಟದ ಒಪ್ಪಂದದೊಳಗೆ ಬರುತ್ತವೆ. ಅದಕ್ಕೇ ಕೊಪ್ಪಳದಲ್ಲಿ ಕೊಟ್ಟ ಸರ್ಟಿಫಿಕೇಟ್ ಜರ್ಮನಿಯಲ್ಲೂ ನಡೆಯುತ್ತದೆ.

ನಿಮ್ಮ ಏಜೆಂಟ್ ಕೊಡುವ ಪಿಡಿಎಫ್‌ನಲ್ಲಿ ಈ ಸರಪಳಿ ಇರುವುದಿಲ್ಲ. ಹೆಸರು ಮಾತ್ರ 9001.

ಇನ್ನು ಮೂರು ದಿನದ ಮಾತು. ಎಷ್ಟು ಜನರ ಕಂಪನಿಗೆ ಎಷ್ಟು ದಿನ ಆಡಿಟ್ ಮಾಡಬೇಕು ಅನ್ನುವುದಕ್ಕೇ ಐಎಎಫ್ ಒಂದು ಪಟ್ಟಿ ಇಟ್ಟಿದೆ. 16ರಿಂದ 25 ಜನ ಇದ್ದರೆ ಮೊದಲ ಸಲಕ್ಕೆ 3 ಆಡಿಟ್ ದಿನ. ಕೆಲಸದ ಸ್ವರೂಪ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ಸೊನ್ನೆ ಆಗುವುದಿಲ್ಲ. ಸ್ಟೇಜ್ 1ರಲ್ಲಿ ನೀವು ತಯಾರಿದ್ದೀರಾ ಅಂತ ನೋಡುತ್ತಾರೆ. ಸ್ಟೇಜ್ 2ರಲ್ಲಿ ಶಾಪ್ ಫ್ಲೋರ್‌ಗೇ ಬಂದು ಜನರ ಹತ್ತಿರ ಮಾತಾಡುತ್ತಾರೆ. ಸರ್ಟಿಫಿಕೇಟ್ ಅವಧಿ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ಸರ್ವೇಲೆನ್ಸ್ ಆಡಿಟ್.

ಗಿಣಿಗೇರಾ ವರ್ಕ್‌ಶಾಪ್
ಅಕ್ಕಾ, ತುಂಬಾ ಥ್ಯಾಂಕ್ಸ್. ಏಜೆಂಟ್ ಕೂಡ ಅಕ್ರೆಡಿಟೇಶನ್ ಇದೆ ಅಂದನಲ್ಲ, ಅದರ ಲೋಗೋನೂ ಕಳಿಸಿದ. ಅಸಲಿ ನಕಲಿ ಪತ್ತೆ ಮಾಡೋದು ಹೇಗೆ?

ಚೆಕ್‌ಲಿಸ್ಟ್ ಅಕ್ಕ
ಲೋಗೋ ಯಾರು ಬೇಕಾದರೂ ಅಂಟಿಸಬಹುದು. ಬೋರ್ಡ್‌ನ ಹೆಸರು ಬರೆದುಕೊಳ್ಳಿ, ಐಎಎಫ್ ಪಟ್ಟಿಯಲ್ಲಿ ಆ ಬೋರ್ಡ್ ಇದೆಯಾ ನೋಡಿ. ಎನ್‌ಎಬಿಸಿಬಿ ಅಂತ ಹೇಳಿದರೆ ಅವರ ವೆಬ್‌ಸೈಟಿನಲ್ಲೇ ಮಾನ್ಯತೆ ಪಡೆದ ಬಾಡಿಗಳ ಪಟ್ಟಿ ಇದೆ. ಒಂದೊಂದು ಸರ್ಟಿಫಿಕೇಟನ್ನೂ ಹುಡುಕಲು ಐಎಎಫ್ ಸರ್ಟ್‌ಸರ್ಚ್ ಇದೆ. ಕೆಲವರು ತಾವೇ ಒಂದು ಅಕ್ರೆಡಿಟೇಶನ್ ಬೋರ್ಡ್ ಹುಟ್ಟಿಸಿ, ಅದಕ್ಕೆ ಒಂದು ವಿದೇಶಿ ವಿಳಾಸ ಕೊಟ್ಟು, ತಮ್ಮದೇ ಇನ್ನೊಂದು ಕಂಪನಿಗೆ ಮಾನ್ಯತೆ ಕೊಟ್ಟುಕೊಂಡಿರುತ್ತಾರೆ. ಗಂಡಿನ ಕಡೆಯವರೂ ಅವರೇ, ಹೆಣ್ಣಿನ ಕಡೆಯವರೂ ಅವರೇ.

ಮತ್ತೊಂದು. "ನಾವೇ ಕನ್ಸಲ್ಟಿಂಗ್ ಮಾಡುತ್ತೇವೆ, ನಾವೇ ಸರ್ಟಿಫಿಕೇಟ್ ಕೊಡುತ್ತೇವೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಹೇಳಿಕೊಟ್ಟವರೇ ಪರೀಕ್ಷೆ ತೆಗೆದುಕೊಳ್ಳುವಂತಿಲ್ಲ. ಸರ್ಟಿಫಿಕೇಶನ್ ಬಾಡಿಗಳಿಗೆ ಅಂತಲೇ 17021 ಅನ್ನುವ ಮಾನದಂಡ ಇದೆ, ಅದರಲ್ಲಿ ಇದು ಸ್ಪಷ್ಟವಾಗಿದೆ.

ತೂತಿನ ಬಿಂದಿಗೆ
ಎಲ್ಲಾ ಸರಿ, ಆದರೆ ಇದರಿಂದ ಕ್ವಾಲಿಟಿ ಬರುತ್ತದೆ ಅಂತ ಯಾರೂ ಭ್ರಮೆ ಇಟ್ಟುಕೊಳ್ಳಬೇಡಿ. ತೂತಿನ ಬಿಂದಿಗೆ ಮಾಡುವ ವಿಧಾನವನ್ನು ಚೆನ್ನಾಗಿ ಬರೆದಿಟ್ಟು, ಪ್ರತಿ ಬಿಂದಿಗೆಗೂ ಅದೇ ಜಾಗದಲ್ಲಿ ಅದೇ ಅಳತೆಯ ತೂತು ಹಾಕಿ, ರಿಜಿಸ್ಟರ್‌ನಲ್ಲಿ ಸಹಿ ಮಾಡಿದರೆ ಐಎಸ್‌ಒ ಸಿಗುತ್ತದೆ. ನಾನು ಕೆಲಸ ಮಾಡಿದ ಮೂರು ಕಡೆಯೂ ಇದೇ. ಆಡಿಟ್‌ಗೆ ಒಂದು ವಾರ ಮುಂಚೆ ಎಲ್ಲರೂ ಕೂತು ಆರು ತಿಂಗಳ ರಿಜಿಸ್ಟರ್ ತುಂಬುವುದು. ಅನುಮಾನ ಬರಬಾರದು ಅಂತ ಮೂರು ಬಣ್ಣದ ಪೆನ್.

ಕೌಲ್‌ಬಜಾರ್ ಜೀನ್ಸ್
ಮೂರು ಬಣ್ಣದ ಪೆನ್ 😂 ನಾವು ಕಾಗದದ ಮೇಲೆ ಒಂದೆರಡು ಟೀ ಕಲೆನೂ ಮಾಡುತ್ತಿದ್ದೆವು, ಹಳೇದು ಅನಿಸಲಿ ಅಂತ.

ಚೆಕ್‌ಲಿಸ್ಟ್ ಅಕ್ಕ
ಟೀ ಕಲೆ ನಮಗೂ ಗೊತ್ತಿದೆ ಸ್ವಾಮಿ.

ಬಿಂದಿಗೆಯವರ ಮಾತು ಅರ್ಧ ನಿಜ. ಆದರೆ ತೂತಿನ ಬಿಂದಿಗೆ ಕೊಂಡವರು ಸುಮ್ನೆ ಇರುತ್ತಾರಾ? ಗಿರಾಕಿ ಏನು ಕೇಳಿದ್ದ, ಏನು ಕೊಟ್ಟಿರಿ, ಎಷ್ಟು ದೂರು ಬಂತು, ಅದಕ್ಕೆ ಏನು ಮಾಡಿದಿರಿ, ಇದೆಲ್ಲ ಮಾನದಂಡದ ಒಳಗೇ ಇದೆ. ದೂರಿನ ಫೈಲ್ ತೆಗೆಸಿ ನೋಡದ ಆಡಿಟರ್ ಆಡಿಟರೇ ಅಲ್ಲ.

ತೂತಿನ ಬಿಂದಿಗೆ
ದೂರಿನ ಫೈಲ್ ಖಾಲಿ ಇರುತ್ತದೆ ಅಕ್ಕ. ದೂರೆಲ್ಲ ಫೋನಿನಲ್ಲಿ, ಅದೂ ಬೈಗುಳದಲ್ಲಿ. ಅದನ್ನು ಯಾರು ಬರೆದಿಡುತ್ತಾರೆ?

ಹಳೇ ಸ್ಟೋರ್‌ಕೀಪರ್
ತಮ್ಮಾ ಬಿಂದಿಗೆ, ನೀನು ಹೇಳುವುದು ಹಳೇ ಕಾಲದ ಐಎಸ್‌ಒ. ನಾನು ತೋರಣಗಲ್ಲು ಕಡೆ ಮೂವತ್ತು ವರ್ಷ ಸ್ಟೋರ್ ನೋಡಿದವನು, ಈಗ ರಿಟೈರ್ ಆಗಿ ಮೊಮ್ಮಕ್ಕಳ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. 1987ರಲ್ಲಿ ಮೊದಲ 9001 ಬಂತು. ನಾನು ಕೆಲಸಕ್ಕೆ ಸೇರಿದಾಗ 1994ರ ಆವೃತ್ತಿ. ಅದರಲ್ಲಿ 20 ಅಂಶ. 9001, 9002, 9003 ಅಂತ ಮೂರು ಬೇರೆ ಬೇರೆ. ಡಿಸೈನ್ ಮಾಡದವರಿಗೆ 9002. ಆಗ ಮಂತ್ರ ಒಂದೇ, ಮಾಡುವುದನ್ನು ಬರೆ, ಬರೆದದ್ದನ್ನು ಮಾಡು. ಅವಾಗ ನಿನ್ನ ಬಿಂದಿಗೆ ಮಾತು ನಿಜವೇ ಆಗಿತ್ತು. ನಮ್ಮಲ್ಲಿ ಪೊರಕೆ ಇಶ್ಯೂ ಮಾಡುವುದಕ್ಕೂ ಒಂದು ಪ್ರೊಸೀಜರ್ ಇತ್ತು.

2000ರಲ್ಲಿ ಮೂರನ್ನೂ ಒಂದು ಮಾಡಿದರು. ಗಿರಾಕಿಗೆ ತೃಪ್ತಿ ಆಯಿತಾ ಅಂತ ಕೇಳಲು ಶುರು ಮಾಡಿದರು. 2008ರಲ್ಲಿ ಸಣ್ಣ ತಿದ್ದುಪಡಿ. 2015ರಲ್ಲಿ ರಿಸ್ಕ್ ಬಂತು, ಎಲ್ಲಿ ಎಡವಬಹುದು ಅಂತ ಮುಂಚೆಯೇ ಯೋಚನೆ ಮಾಡು ಅನ್ನುವುದು.

ಒಂದು ಆಡಿಟ್ ಕಥೆ ಹೇಳುತ್ತೇನೆ. ಮ್ಯಾನೇಜರ್ ಸಾಹೇಬರು ಆಡಿಟರ್‌ಗೆ ಎಸಿ ರೂಮಿನಲ್ಲಿ ಫೈಲ್ ತೋರಿಸುವ ಪ್ಲಾನ್ ಹಾಕಿದ್ದರು. ಆ ಮನುಷ್ಯ ನೀರು ಕುಡಿದು ಸೀದಾ ವೆಲ್ಡಿಂಗ್ ಬೇ ಕಡೆ ಹೊರಟ. ಅಲ್ಲಿ ಹೆಲ್ಪರ್ ಹುಡುಗನನ್ನು ಹಿಡಿದು, 7018 ವೆಲ್ಡಿಂಗ್ ರಾಡ್ ಒಣಗಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ. ಹುಡುಗ ಪಾಪ ನಿಯತ್ತಾಗಿ, "ಓವನ್‌ನಾಗ ಇಡ್ತೀವ್ರಿ" ಅಂದು ಓವನ್ ಬಾಗಿಲು ತೆಗೆದ. ಒಳಗೆ ಮೂರು ರೊಟ್ಟಿ ಬುತ್ತಿ, ಒಂದು ಶೇಂಗಾ ಚಟ್ನಿ ಡಬ್ಬಿ. ಎಲೆಕ್ಟ್ರೋಡ್ ಪ್ಯಾಕೆಟ್ ಹೊರಗೆ ನೆಲದ ಮೇಲೆ. ಮಳೆಗಾಲ ಬೇರೆ!

ಆ ರಾಡ್ ತೇವ ಹಿಡಿದರೆ ವೆಲ್ಡ್‌ನಲ್ಲಿ ಹೈಡ್ರೋಜನ್ ಸೇರಿ ಆಮೇಲೆ ಬಿರುಕು ಬಿಡುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಫೈಲ್‌ನಲ್ಲಿ ಮಾತ್ರ ಓವನ್ ಟೆಂಪರೇಚರ್ ದಿನಾ ಎರಡು ಸಲ ಬರೆದಿತ್ತು. ಎನ್‌ಸಿ ಬಿತ್ತು, ಅಂದರೆ ಮಾನದಂಡದ ಪ್ರಕಾರ ಇಲ್ಲ ಅಂತ ಆಡಿಟರ್ ಬರೆದ. ಆಮೇಲೆ ಮೀಟಿಂಗಿನಲ್ಲಿ ಎಲ್ಲರೂ ಹುಡುಗನಿಗೆ ಬೈಯ್ಯಲು ಹೊರಟರು. ಆಡಿಟರ್ ಕೇಳಿದ್ದು ಒಂದೇ ಪ್ರಶ್ನೆ, ಇವರಿಗೆ ಬುತ್ತಿ ಬಿಸಿ ಮಾಡಿಕೊಳ್ಳಲು ಬೇರೆ ಜಾಗ ಎಲ್ಲಿದೆ? ಇರಲಿಲ್ಲ. ಕ್ಯಾಂಟೀನ್ ಗುತ್ತಿಗೆ ಕೆಲಸಗಾರರಿಗೆ ಅಲ್ಲ ಅಂತ ಇತ್ತು. ಒಂದು ತಿಂಗಳೊಳಗೆ ಬುತ್ತಿಗೆ ಬೇರೆ ಬಿಸಿ ಪೆಟ್ಟಿಗೆ ಬಂತು, ಮತ್ತೆಂದೂ ಓವನ್‌ನಲ್ಲಿ ರೊಟ್ಟಿ ಕಾಣಲಿಲ್ಲ. ಕರೆಕ್ಟಿವ್ ಆಕ್ಷನ್ ಅಂದರೆ ಇದು ನೋಡು. ಬೈದರೆ ರೊಟ್ಟಿ ಮರುದಿನ ಮತ್ತೆ ಅಲ್ಲೇ ಇರುತ್ತಿತ್ತು.

ಮಿರ್ಚಿ ಮಂಡಕ್ಕಿ
ಅಜ್ಜಾ ಸೂಪರ್. ಆದರೆ ಓವನ್‌ನಲ್ಲಿಟ್ಟ ರೊಟ್ಟಿ ಖಡಕ್ ಆಗಿ ಚೆನ್ನಾಗಿರುತ್ತದಲ್ಲಾ?

ಹಳೇ ಸ್ಟೋರ್‌ಕೀಪರ್
ಆಗುತ್ತದೆ. ಫ್ಲಕ್ಸ್ ವಾಸನೆ ಫ್ರೀ.

ಕಾರಟಗಿ ರೈಸ್‌ಮಿಲ್
ನಡುವೆ ನಂದೊಂದು ಪ್ರಶ್ನೆ. ನಮ್ಮದು ರೈಸ್ ಮಿಲ್. ಸೋನಾ ಮಸೂರಿ ಹೊರರಾಜ್ಯಕ್ಕೆ ಹೋಗುತ್ತದೆ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದೆ. ಈಗ ಒಬ್ಬ ಖರೀದಿದಾರ 22000 ಮಾಡಿಸಿ ಅನ್ನುತ್ತಾನೆ. ಲೈಸೆನ್ಸ್ ಇದ್ದರೂ ಇದು ಬೇಕಾ?

ಚೆಕ್‌ಲಿಸ್ಟ್ ಅಕ್ಕ
ಲೈಸೆನ್ಸ್ ಕಾನೂನು, ಅದು ಇಲ್ಲದೆ ಮಿಲ್ ನಡೆಸುವಂತಿಲ್ಲ. ಐಎಸ್‌ಒ 22000 ನೀವಾಗಿ ಮಾಡಿಸಿಕೊಳ್ಳುವುದು, ಅಥವಾ ಖರೀದಿದಾರ ಕೇಳಿದರೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. 22000 ಆಹಾರ ಸುರಕ್ಷತೆಯದ್ದು, 2005ರಲ್ಲಿ ಬಂತು, ಈಗ 2018ರ ಆವೃತ್ತಿ. ನಿಮ್ಮ ಮಿಲ್‌ನಲ್ಲಿ ತಿನ್ನುವವನಿಗೆ ಅಪಾಯ ಎಲ್ಲಿಂದ ಬರಬಹುದು ಅಂತ ಹೆಜ್ಜೆ ಹೆಜ್ಜೆಗೂ ನೋಡುವುದು ಅದರ ಕೆಲಸ. ಕಲ್ಲು, ಕಬ್ಬಿಣದ ಚೂರು, ಇಲಿ, ತೇವ ಜಾಸ್ತಿಯಾಗಿ ಬೂಷ್ಟು, ಹೊಗೆ ಹಾಕಿದ ಔಷಧದ ಉಳಿಕೆ. ಕಲ್ಲು ತೆಗೆಯುವ ಡಿಸ್ಟೋನರ್, ಮ್ಯಾಗ್ನೆಟ್ ಇದ್ದರೆ ಸಾಲದು. ಮ್ಯಾಗ್ನೆಟ್ ಕೊನೆಗೆ ಯಾವಾಗ ಒರೆಸಿದಿರಿ, ಅದಕ್ಕೆ ಏನೇನು ಅಂಟಿತ್ತು ಅಂತ ಕೇಳುತ್ತಾರೆ.

ಕಾರಟಗಿ ರೈಸ್‌ಮಿಲ್
ಮ್ಯಾಗ್ನೆಟ್ ಒರೆಸೋದಾ? ಈಗಲೇ ಹೋಗಿ ನೋಡುತ್ತೇನೆ.

ನೋಡಿ ಬಂದೆ. ಎರಡು ಮೊಳೆ, ಒಂದು ನಟ್, ಒಂದು ಸೇಫ್ಟಿ ಪಿನ್. ಯಾರಿಗೂ ಹೇಳಬೇಡಿ.

ಕೌಲ್‌ಬಜಾರ್ ಜೀನ್ಸ್
ನಮ್ಮ ಗಲ್ಲಿಯಲ್ಲಿ ಒಬ್ಬರು ಪ್ಯಾಂಟಿನ ಟ್ಯಾಗ್ ಮೇಲೇ ಐಎಸ್‌ಒ 9001 ಅಂತ ಛಾಪಿಸಿದ್ದಾರೆ. ಗಿರಾಕಿ ಅದನ್ನು ನೋಡಿ ಬಣ್ಣ ಹೋಗೋದಿಲ್ಲ ಅಂದುಕೊಂಡು ಒಯ್ಯುತ್ತಾನೆ. ಎರಡು ಸಲ ಒಗೆದರೆ ಬಕೆಟ್ ಎಲ್ಲ ನೀಲಿ.

ಚೆಕ್‌ಲಿಸ್ಟ್ ಅಕ್ಕ
ಅದು ತಪ್ಪು. 9001 ಕಂಪನಿಯ ಕೆಲಸದ ರೀತಿಗೆ ಕೊಡುವುದು, ಪ್ಯಾಂಟಿಗಲ್ಲ. ವಸ್ತುವಿಗೇ ಸರ್ಟಿಫಿಕೇಟ್ ಸಿಕ್ಕಿದೆ ಅನಿಸುವ ಹಾಗೆ ಅದನ್ನು ಟ್ಯಾಗ್ ಮೇಲೆ, ಡಬ್ಬದ ಮೇಲೆ ಹಾಕುವಂತಿಲ್ಲ. ವಸ್ತುವಿಗೆ ಕೊಡುವ ಗುರುತು ಬೇರೆ. ಮನೆ ಕಟ್ಟಲು ತರುವ ಟಿಎಂಟಿ ಕಂಬಿ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 1786 ಅಂತ ಇರುತ್ತದಲ್ಲ, ಅದು ಆ ಕಂಬಿಗೇ ಬಿಐಎಸ್ ಕೊಟ್ಟದ್ದು. ಐಎಸ್‌ಐ, ಐಎಸ್‌ಒ ಕೇಳಲು ಒಂದೇ ಥರ ಇದೆ, ಅದನ್ನೇ ಕೆಲವರು ಬಂಡವಾಳ ಮಾಡಿಕೊಳ್ಳುತ್ತಾರೆ. ಐಎಸ್‌ಒ ಲೋಗೋವನ್ನಂತೂ ಯಾರೂ ಬಳಸುವ ಹಾಗೇ ಇಲ್ಲ.

ಇನ್ನೊಂದು, ಸರ್ಟಿಫಿಕೇಟ್ ಸಿಕ್ಕಾಗ ಎಲ್ಲರೂ ಹೆಸರು ನೋಡುತ್ತಾರೆ. ನೀವು ಸ್ಕೋಪ್ ಸಾಲು, ಅಂದರೆ ಯಾವ ಕೆಲಸಕ್ಕೆ ಕೊಟ್ಟದ್ದು ಅನ್ನುವ ಸಾಲು, ಮತ್ತು ವಿಳಾಸ ಓದಿ. ಒಂದು ಕಡೆ ಕಾರ್ಖಾನೆ, ಸರ್ಟಿಫಿಕೇಟ್ ಮಾತ್ರ ಬೆಂಗಳೂರಿನ ಆಫೀಸಿಗೆ, ಸ್ಕೋಪ್ ಬರೀ ಟ್ರೇಡಿಂಗ್ ಅಂತ ಇರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಿಂಧನೂರು ಎಕ್ಸ್‌ಪ್ರೆಸ್
ನೀವೆಲ್ಲ ಮಾತಾಡುವುದರೊಳಗೆ ಗಿಣಿಗೇರಾ–ಮೆಹಬೂಬನಗರ ರೈಲು ಮಾರ್ಗ ಪೂರ್ತಿ ಆಗಿ ಬಿಡುತ್ತದೆ. ಗಿಣಿಗೇರಾದವರೇ, ಆಡಿಟರ್‌ನ ರೈಲಿನಲ್ಲೇ ಕರೆಸಿ.

ರಾಯಚೂರು ಬಿಸಿಲು
ಸಿಂಧನೂರಿಗೆ ಬಂದದ್ದೇ ಪುಣ್ಯ. ನಮ್ಮ ರಾಯಚೂರಿನ ತನಕ ಬರುವುದರೊಳಗೆ ಇವರ ಸರ್ಟಿಫಿಕೇಟ್ ಒಂದು ಸಲ ರಿನ್ಯೂ ಆಗಿರುತ್ತದೆ.

ಗಿಣಿಗೇರಾ ವರ್ಕ್‌ಶಾಪ್
ರೈಲು ಇರಲಿ. ನನ್ನ ದೊಡ್ಡ ಹೆದರಿಕೆ ಕಾಗದದ್ದು. ಕನ್ಸಲ್ಟೆಂಟ್ ಇಪ್ಪತ್ತು ಫೈಲ್, ದಪ್ಪನೆ ಒಂದು ಕ್ವಾಲಿಟಿ ಮ್ಯಾನ್ಯುಯಲ್, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಎಂಆರ್ (ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್) ಬೇಕು ಅಂದರು. ನಮ್ಮಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬ, ಅದೂ ಅಷ್ಟಕ್ಕಷ್ಟೆ. ಆರು ಜನ ವೆಲ್ಡರ್‌ಗಳು ಬಿಹಾರದವರು.

ತೂತಿನ ಬಿಂದಿಗೆ
ನಾನು ಹೇಳಲಿಲ್ವಾ? ಶುರುವಾಯಿತು ಫೈಲ್ ದಂಧೆ.

ಚೆಕ್‌ಲಿಸ್ಟ್ ಅಕ್ಕ
ಈ ಸಲ ಬಿಂದಿಗೆಯವರ ಜೊತೆ ನಾನೂ ಇದ್ದೇನೆ. 2015ರ ಆವೃತ್ತಿಯಲ್ಲಿ ಕ್ವಾಲಿಟಿ ಮ್ಯಾನ್ಯುಯಲ್ ಕಡ್ಡಾಯ ಅಲ್ಲ. ಎಂಆರ್ ಹುದ್ದೆನೂ ಕಡ್ಡಾಯ ಅಲ್ಲ. ಜವಾಬ್ದಾರಿ ಮಾಲೀಕರ ಮೇಲೇ ಇದೆ, ಕೆಲಸ ಹಂಚಬಹುದು. ಯಾರೋ 2008ರ ಫೈಲ್‌ಗಳನ್ನೇ ಹೆಸರು ಬದಲಿಸಿ ಮಾರುತ್ತಿದ್ದಾರೆ. ಬರೆದಿಡಬೇಕಾದದ್ದು ಇದ್ದೇ ಇದೆ, ಸ್ಕೋಪ್, ಪಾಲಿಸಿ, ಗುರಿಗಳು, ಇನ್‌ಸ್ಪೆಕ್ಷನ್ ದಾಖಲೆ, ಇಂಟರ್ನಲ್ ಆಡಿಟ್, ಮ್ಯಾನೇಜ್‌ಮೆಂಟ್ ರಿವ್ಯೂ ಇಂಥವು. ನಿಮ್ಮಂಥ ಶಾಪ್‌ಗೆ ಎರಡು ಫೈಲ್‌ನಲ್ಲಿ ಮುಗಿಯುತ್ತದೆ.

ಭಾಷೆಯ ಕಟ್ಟೂ ಇಲ್ಲ. ಕನ್ನಡದಲ್ಲಿ ಬರೆಯಿರಿ. ವೆಲ್ಡರ್‌ಗಳಿಗೆ ಹಿಂದಿಯಲ್ಲಿ ಬರೆಯಿರಿ, ಇಲ್ಲವೇ ಫೋಟೋ ಅಂಟಿಸಿ. ಸರಿಯಾದ ವೆಲ್ಡ್ ಇದು, ತಪ್ಪು ವೆಲ್ಡ್ ಇದು ಅಂತ ಎರಡು ತುಂಡು ಕಬ್ಬಿಣವನ್ನೇ ಗೋಡೆಗೆ ತೂಗು ಹಾಕಿದ ಶಾಪ್ ನೋಡಿದ್ದೇನೆ. ನನಗೆ ಅದು ಯಾವ ಫೈಲ್‌ಗಿಂತಲೂ ಇಷ್ಟವಾಯಿತು.

ಮುಂಡರಗಿ ಲೇಥ್
ನಾನೂ ಸಣ್ಣ ಶಾಪ್‌ನವನೇ, ಬಳ್ಳಾರಿ ಮುಂಡರಗಿ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಎರಡು ವರ್ಷದ ಹಿಂದೆ ಮಾಡಿಸಿದೆ, ಅಸಲಿಯದ್ದೇ. ನಿಜ ಹೇಳಬೇಕಂದರೆ ಮೊದಲು ಬರೀ ಆರ್ಡರ್‌ಗೋಸ್ಕರ ಮಾಡಿಸಿದ್ದು. ಉಪಯೋಗ ಆದದ್ದು ಕ್ಯಾಲಿಬ್ರೇಶನ್‌ನಿಂದ, ಅಂದರೆ ಅಳತೆಯ ಸಾಧನ ಸರಿ ತೋರಿಸುತ್ತಿದೆಯಾ ಅಂತ ಪರೀಕ್ಷೆ ಮಾಡಿಸುವುದರಿಂದ. ನಮ್ಮ ಹಳೇ ವರ್ನಿಯರ್ ಯಾವಾಗಲೋ ಕೆಳಗೆ ಬಿದ್ದಿತ್ತು, ಯಾರೂ ಹೇಳಿರಲಿಲ್ಲ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿದಾಗ 0.3 ಮಿಲಿಮೀಟರ್ ಜಾಸ್ತಿ ತೋರಿಸುತ್ತಿದೆ ಅಂತ ಬಂತು. ಅದರ ಹಿಂದಿನ ವರ್ಷ 60 ಬುಷ್ ರಿಜೆಕ್ಟ್ ಆಗಿ ವಾಪಸ್ ಬಂದಿದ್ದವು. ಆಗ ಟರ್ನರ್‌ಗೆ ಬೈದು ಕೆಲಸ ಬಿಡಿಸಿದ್ದೆ. ತಪ್ಪು ಅವನದ್ದಲ್ಲ, ವರ್ನಿಯರ್‌ದು. ಫೋನ್ ಮಾಡಿ ಕ್ಷಮೆ ಕೇಳಿದೆ, ಅವನು ಆಗಲೇ ಬೇರೆ ಕಡೆ ಸೇರಿದ್ದ. ಬರಲಿಲ್ಲ.

ದುಡ್ಡಿನ ಬಗ್ಗೆ ಹೇಳುವುದಾದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಕೇಂದ್ರದ ಎಂಎಸ್‌ಎಂಇ ಇಲಾಖೆಯ ಜೆಡ್ (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಸರ್ಟಿಫಿಕೇಟ್ ಅಂತ ಬೇರೆ ಇದೆ, ಬ್ರಾಂಜ್, ಸಿಲ್ವರ್, ಗೋಲ್ಡ್. ಉದ್ಯಮ್ ನೋಂದಣಿ ಇದ್ದರೆ ಸಾಕು, ಮೈಕ್ರೋ ಉದ್ಯಮಗಳಿಗೆ ಅದರ ಫೀಸಿನಲ್ಲಿ 80% ಸಬ್ಸಿಡಿ. ಅದು 9001ಕ್ಕೆ ಬದಲಿ ಅಲ್ಲ, ಆದರೆ ಶಾಪ್ ಒಂದು ಹದಕ್ಕೆ ತರಲು ಒಳ್ಳೆಯದು.

ತೂತಿನ ಬಿಂದಿಗೆ
ಟರ್ನರ್ ಕಥೆ ಕೇಳಿ ಬೇಜಾರಾಯಿತು. ಸರಿ ಅಣ್ಣ, ಎಲ್ಲರೂ ಮೂರು ಪೆನ್ ಗಿರಾಕಿಗಳಲ್ಲ, ಒಪ್ಪುತ್ತೇನೆ. ಆದರೆ ಹೆಚ್ಚಿನವರು ಹೌದು.

ರಾಯಚೂರು ಬಿಸಿಲು
ಈಗ ಹವಾಮಾನ ಬದಲಾವಣೆನೂ ಸೇರಿಸಿದ್ದಾರಂತೆ ನಿಜಾನಾ? ವೆಲ್ಡಿಂಗ್ ಶಾಪ್‌ಗೂ ಹವಾಮಾನಕ್ಕೂ ಏನು ಸಂಬಂಧ?

ಚೆಕ್‌ಲಿಸ್ಟ್ ಅಕ್ಕ
ನಿಜ. 2024ರ ತಿದ್ದುಪಡಿ. ಅದು ನಿಮಗೆ ಸಂಬಂಧಪಟ್ಟ ವಿಷಯವೇ ಅಂತ ಯೋಚಿಸಿ ನಿರ್ಧರಿಸಿ ಅನ್ನುತ್ತದೆ, ಅಷ್ಟೇ. ಮೇ ತಿಂಗಳಲ್ಲಿ ತಗಡಿನ ಶೆಡ್ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ವೆಲ್ಡಿಂಗ್ ಮಾಡಿ ನೋಡಿ, ಸಂಬಂಧ ಗೊತ್ತಾಗುತ್ತದೆ. ರಾಯಚೂರಿನವರೇ ಹೀಗೆ ಕೇಳಿದರೆ ಹೇಗೆ!

ಗಿಣಿಗೇರಾ ವರ್ಕ್‌ಶಾಪ್
ಮೂರು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಏಜೆಂಟ್‌ನ ಬ್ಲಾಕ್ ಮಾಡಿದೆ. ಪುಣೆಯವರಿಗೆ ಫೋನ್ ಮಾಡಿ ಸಮಯ ಕೇಳಿದೆ, ಪ್ರಯತ್ನ ನಡೆದಿದೆ ಅಂತ ಲೆಟರ್ ಕೊಟ್ಟರೆ ಸಣ್ಣ ಆರ್ಡರ್ ಕೊಡುತ್ತೇವೆ ಅಂದರು. ಕನ್ಸಲ್ಟೆಂಟ್‌ಗೆ ಇಪ್ಪತ್ತು ಫೈಲ್ ಬೇಡ ಅಂದಾಗ ಮುಖ ಸಣ್ಣ ಮಾಡಿದರು, ಆಮೇಲೆ ನಾಲ್ಕಕ್ಕೆ ಬಂದರು. ಎರಡು ಅಂದಿದ್ದಿರಿ ಅಕ್ಕ, ನಾಲ್ಕಾಯಿತು.

ದೂರಿನ ರಿಜಿಸ್ಟರ್ ಇಟ್ಟೆವು. ಫೋನಿನ ಬೈಗುಳವನ್ನೂ ಬರೆಯುತ್ತೇವೆ, ಕೆಟ್ಟ ಮಾತು ಬಿಟ್ಟು. ತಿಂಗಳಿಗೆ ಹನ್ನೊಂದು ದೂರು ಬಂತು, ಅದರಲ್ಲಿ ಏಳು ಒಂದೇ ವಿಷಯಕ್ಕೆ, ಬ್ರಾಕೆಟ್‌ನ ತೂತು ಸರಿಯಾಗಿ ಕೂರುತ್ತಿಲ್ಲ ಅಂತ. ಇಷ್ಟು ದಿನ ಅದು ಏಳು ಬೇರೆ ಬೇರೆ ಜಗಳ ಅಂದುಕೊಂಡಿದ್ದೆ. ತೂತಿನ ಜಾಗ ಹಿಡಿದುಕೊಡುವ ಡ್ರಿಲ್ ಜಿಗ್ ಸವೆದಿತ್ತು.

ನಿನ್ನೆ ಸ್ಟೇಜ್ 1 ಮುಗಿಯಿತು. ಸ್ಟೋರ್‌ಕೀಪರ್ ಅಜ್ಜಾ, ನಿಮ್ಮ ಕಥೆ ಓದಿ ಓವನ್ ಮೊದಲೇ ಖಾಲಿ ಮಾಡಿಸಿದ್ದೆ. ಆಡಿಟರ್ ಓವನ್ ತೆಗೆದರು, ರಾಡ್ ಇತ್ತು, ಖುಷಿಯಾದರು. ಪಕ್ಕದಲ್ಲಿ ಕ್ಯಾಲಿಬ್ರೇಶನ್ ಆದ ಗೇಜ್ ಇಡುವ ಪೆಟ್ಟಿಗೆ ತೆಗೆದರು.

ಹಳೇ ಸ್ಟೋರ್‌ಕೀಪರ್
ರೊಟ್ಟಿ?

ಗಿಣಿಗೇರಾ ವರ್ಕ್‌ಶಾಪ್
ಮಾವಿನಕಾಯಿ ಉಪ್ಪಿನಕಾಯಿ.

ಹಳೇ ಸ್ಟೋರ್‌ಕೀಪರ್
ಬುತ್ತಿಗೆ ಜಾಗ ಮಾಡಿಕೊಡಪ್ಪಾ, ಸ್ಟೇಜ್ 2ಕ್ಕೆ ಮುಂಚೆ.